ಬೆಲ್ಲ ಹಾಕದ ನೀರು

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ನೋಡಲು ಬಂದವರು ಆಹಾ ಅನ್ನುತ್ತಾರೆ. ಗುಣಪಾಲ ಮಾತ್ರ ಥೂ ಅನ್ನುತ್ತಿದ್ದ. ಕುಂದಾಪುರದಿಂದ ಶಿರೂರಿಗೆ ಬಸ್ಸು ಓಡಿಸುವವನಿಗೆ ಎರಡೂ ಕಡೆ ಇಷ್ಟು ನೀರಿದ್ದು ಏನು ಬಂತು, ಮಣ್ಣು! ರೇಡಿಯೇಟರಿಗೆ ಹೊಯ್ಯಲು ಒಂದು ಚೆಂಬು ಒಳ್ಳೆಯ ನೀರಿಲ್ಲ. ಕಡಲಿನ ಮಾತು ಬಿಡಿ, ಬೇಸಗೆಯಲ್ಲಿ ಉಬ್ಬರ ಹತ್ತಿದರೆ ಹೊಳೆಯೂ ಉಪ್ಪು, ದಂಡೆಯ ಬಾವಿಗಳೂ ಉಪ್ಪು.

ಅದು ಅರವತ್ತೆಂಟರ ಬೇಸಗೆ. ಕಂಡಕ್ಟರ್ ಬಚ್ಚನಿಗೆ ಈ ಭೇದವೆಲ್ಲ ತಲೆಗೇ ಹೋಗುತ್ತಿರಲಿಲ್ಲ. "ನೀರ್ ಅಂದ್ರೆ ನೀರ್ ಮಾರಾಯ್ರೆ, ಇಂಜಿನ್ನಿಗೆ ನಾಲ್ಗಿ ಇತ್ತಾ?" ಎನ್ನುತ್ತ ಕಂಡಕಂಡ ಬಾವಿಯ ನೀರು ಹೊಯ್ದ. ಒಳಗೆ ಉಪ್ಪು ಕಟ್ಟಿ ರೇಡಿಯೇಟರು ತೂತು ಬಿತ್ತು. ಬೈಗಳು ಯಾರಿಗೆ? ಡ್ರೈವರನಿಗೆ! ಬಸ್ಸಿನ ಧಣಿ ಲೀಲಾಧರ ಶೆಟ್ಟರು ಹೊಸತು ಹಾಕಿಸಿ ಬೆರಳು ತೋರಿಸಿದರು: "ಇದೂ ಹಾಳಾದ್ರೆ ನೀ ಮತ್ತೆ ಸ್ಟೇರಿಂಗ್ ಮುಟ್ಟುಕಿಲ್ಲ ಕಾಣ್."

ಗುಣಪಾಲನಿಗೆ ಗದ್ದೆಯಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಅಂದಿನಿಂದ ದಾರಿಯ ಬಾವಿಗಳ ನೀರನ್ನೆಲ್ಲ ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದು ನೋಡತೊಡಗಿದ. ಪ್ರಯಾಣಿಕರು ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ! ಕೊನೆಗೆ ತ್ರಾಸಿಯ ದಿಬ್ಬದ ಮೇಲೆ ಅಮ್ಮಣ್ಣಿಯಮ್ಮನ ಮನೆಯ ಬಾವಿ ಸಿಕ್ಕಿತು. ಉಪ್ಪಿನ ಸುಳಿವೇ ಇಲ್ಲದ ತಿಳಿನೀರು.

ಸಿಕ್ಕಿತೆಂದು ಹಿಗ್ಗಿದ್ದೇ ಬಂತು. ಆ ವಿಧವೆ ಮುದುಕಿ ಸಂತೋಷದಿಂದಲೇ ಕೊಡ ತುಂಬಿಸಿ ಕೊಟ್ಟಳು. ತಳದಲ್ಲಿ ನೋಡಿದರೆ ಬೆಲ್ಲದ ತುಂಡು!

"ಅಮ್ಮಾ, ಇದ್ ನಂಗಲ್ಲ, ಗಾಡಿಗೆ!"

"ಗೊತ್ತಿತ್ತ್. ಯಾರಿಗಾದ್ರೂ ಅಷ್ಟೇ. ಬಾಗ್ಲಿಗ್ ಬಂದವ್ರಿಗೆ ಬರೀ ನೀರ್ ಕೊಟ್ ಕಳ್ಸುಕೆ ಇದೆಂತ ಸೂತಕದ ಮನಿಯಾ?"

"ಬೆಲ್ಲ ಅಂಟಿ ಇಂಜಿನ್ ಸುಟ್ ಹೋತ್ತ್ ಅಮ್ಮಾ!"

"ಹಂಗಾರೆ ಅದ್ರ ಬದ್ಲಿಗೆ ನೀ ತಿನ್."

ಬೇರೆ ದಾರಿಯೇ ಇರಲಿಲ್ಲ. ಹೋಗುವಾಗೊಮ್ಮೆ, ಬರುವಾಗೊಮ್ಮೆ, ಬಸ್ಸಿನ ಪರವಾಗಿ ಬೆಲ್ಲ ತಿಂದ. ಬೆಲ್ಲ ಕಂಡರೇ ಮೈ ಉರಿಯುವಷ್ಟು ತಿಂದ. ರೇಡಿಯೇಟರು ತಣ್ಣಗಿತ್ತು, ಅವನ ದವಡೆ ಹಲ್ಲು ಹುಳುಕಾಯಿತು.

ಕೆನ್ನೆ ಊದಿ ಬಾಯಿ ತೆರೆಯಲಾಗದ ದಿನ ಬಚ್ಚನನ್ನೇ ಕಳಿಸಿದ. "ಡ್ರೈವರ್ರಿಗೆ ಹಲ್ಲ್ ನೋವ್, ಬೆಲ್ಲ ಬ್ಯಾಡಂಬ್ರ್" ಎಂದ ಬಚ್ಚ. ತಾನಾದರೂ ತಿಂದಿದ್ದರೆ ಕತೆ ಮುಗಿಯುತ್ತಿತ್ತು, ಆದರೆ ಆ ಪುಣ್ಯಾತ್ಮನ ಬಾಯಿ ತುಂಬ ಎಲೆಯಡಿಕೆ. ಮುದುಕಿ ಸುಮ್ಮನೆ ಬೆಲ್ಲವನ್ನು ಕೊಡಕ್ಕೇ ಹಾಕಿದಳು. ಒಂದು ತುಂಡು ಬೆಲ್ಲಕ್ಕೆ ಏನಾಗುತ್ತದೆ ಎಂದು ಬಚ್ಚ ಹಾಗೇ ಹೊಯ್ದ. ನಾಲ್ಕೈದು ದಿನ ಹೀಗೇ ನಡೆಯಿತು.

ಕೊನೆಗೊಂದು ದಿನ ಬೈಂದೂರು ದಾಟಿ ಒತ್ತಿನೆಣೆ ಗುಡ್ಡ ಹತ್ತುವಾಗ ಬಾನೆಟ್ಟಿನಿಂದ ಸಿಹಿ ವಾಸನೆಯ ಹೊಗೆಯೆದ್ದಿತು. ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಹ್ವಾಯ್, ಯಾರ್ ಪಾಯ್ಸ ಮಾಡುದ್?" ಬಸ್ಸಿಡೀ ನಕ್ಕಿತು. ಗುಣಪಾಲ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದ. ಕಂದು ನೊರೆ ಉಕ್ಕಿ ಬಂತು. ಬಚ್ಚ ತೊದಲುತ್ತ ನಡೆದದ್ದೆಲ್ಲ ಹೇಳಿದಾಗ ಗುಣಪಾಲ ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಣೆ ಹಣೆ ಚಚ್ಚಿಕೊಂಡ. ಮರುದಿನ ಶೆಟ್ಟರು ಕೀ ಕಸಿದುಕೊಂಡರು.

ಸಿಟ್ಟು ನೆತ್ತಿಗೇರಿ ಗುಣಪಾಲ ನೇರ ತ್ರಾಸಿಗೆ ಹೋದ. "ನಿಮ್ ಬೆಲ್ಲ ನನ್ ಅನ್ನ ತಿಂತ್ ಅಮ್ಮಾ! ನಿಮ್ ಮರ್ಯಾದಿ ಉಳಿತ್, ನನ್ ಹೊಟ್ಟಿಗೆ ಎಂತ?" ಎಂದು ಅಂಗಳದಲ್ಲೇ ಕೂಗಾಡಿದ.

ಅಮ್ಮಣ್ಣಿಯಮ್ಮ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದು "ನಡಿ" ಎಂದಳು.

ಕುಂದಾಪುರದಲ್ಲಿ ಶೆಟ್ಟರ ಜಗಲಿಯಲ್ಲಿ ಮುದುಕಿ ಕೂತಳು, ಗುಣಪಾಲ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. ಶೆಟ್ಟರ ಹೆಂಡತಿ ಕುಸುಮಾವತಿ ವಾಡಿಕೆಯಂತೆ ಬೆಲ್ಲ, ನೀರು ತಂದಿಟ್ಟಳು.

"ನಾ ಮುಟ್ಟುದಿಲ್ಲೆ ಶೆಟ್ರೆ. ತಪ್ಪ್ ನನ್ದ್. ಇವ್ನ ಕೆಲ್ಸ ಇವ್ನಿಗೆ ಕೊಡಿ, ಮತ್ತೆ ಕುಡಿತೆ."

ಶೆಟ್ಟರು ನಕ್ಕರು, ಆಮೇಲೆ ರೇಗಿದರು, ಬಸ್ಸಿನ ವಿಷಯದಲ್ಲಿ ಹೆಂಗಸರು ತಲೆ ಹಾಕಬಾರದೆಂದರು. ಮುದುಕಿ ಕದಲಲಿಲ್ಲ. ಮಧ್ಯಾಹ್ನವಾಯಿತು. ಶೆಟ್ಟರು ಊಟಕ್ಕೆ ಒಳಗೆ ಹೋದರೆ ಕುಸುಮಾವತಿ ಬಾಳೆಲೆಯನ್ನೇ ಹಾಕಿರಲಿಲ್ಲ.

"ಜಗ್ಲಿ ಮೇಲ್ ಕೂತವ್ರ್ ನೀರ್ ಮುಟ್ಲಿಲ್ಲ. ನಾನ್ ಹ್ಯಾಂಗ್ ಬಡ್ಸುದ್?"

ಶೆಟ್ಟರು ಹೊರಗೆ ಬಂದು ಕೀಯನ್ನು ಅಂಗಳಕ್ಕೆ ಎಸೆದರು. "ತಕಂಡ್ ಹೋಗ್ ಮಾರಾಯ!" ಅಮ್ಮಣ್ಣಿಯಮ್ಮ ಬೆಲ್ಲ ಕಡಿದು, ಚೆಂಬಿನ ನೀರನ್ನು ಒಂದು ಹನಿ ಬಿಡದೆ ಕುಡಿದಳು. ಗುಣಪಾಲನಿಗೆ ಕೀ ಹೆಕ್ಕಲು ಬಗ್ಗಿದಾಗ ಕಣ್ಣು ಮಂಜಾಯಿತು.

ರೇಡಿಯೇಟರು ತೊಳೆಸಿ, ತನ್ನ ಹಲ್ಲು ಕೀಳಿಸಿಕೊಂಡು, ಮತ್ತೆ ಬಸ್ಸು ಬಿಟ್ಟ ದಿನ ತಾನೇ ದಿಬ್ಬ ಹತ್ತಿದ. ಮುದುಕಿ ಕೊಡ ಮುಂದಿಟ್ಟಳು. ನಂಬಿಕೆ ಸಾಲದೆ ಅವನು ತೋಳಿನವರೆಗೆ ಕೈಯಿಳಿಸಿ ತಳ ತಡವಿದ. ಏನೂ ಇರಲಿಲ್ಲ, ಬರೀ ನೀರು. ಬದುಕಿದೆ ಎಂದು ಕೊಡ ಎತ್ತುವಷ್ಟರಲ್ಲಿ ಅವಳು ಸೆರಗಿನ ಗಂಟು ಬಿಚ್ಚಿ ಕೈ ಚಾಚಿದಳು.

"ಹಲ್ಲ್ ಕಿತ್ತಾಯ್ತಲ್ದಾ? ಇನ್ನೆಂತ ನೋವ್? ತಿನ್."

ಕೆಳಗೆ ಬಚ್ಚ ಹಾರ್ನ್ ಒತ್ತುತ್ತಲೇ ಇದ್ದ. ಗುಣಪಾಲ ಮನಸ್ಸಿನಲ್ಲೇ ಬಯ್ಯುತ್ತ ಬಾಯಿ ತೆರೆದ.