ತೂಗಿ ಹಾಕಿದ ಹುಲ್ಲು

ಆ ಗಿಡ್ಡ ಕುದುರೆಯನ್ನು ನನ್ನ ಗಂಡ ಬಾದಾಮಿಯಿಂದ ಖಾಲಿ ಲಾರಿಯಲ್ಲಿ ಹಾಕಿಕೊಂಡು ಬಂದರು. ಇಳಕಲ್ಲಿನ ಗ್ರಾನೈಟ್ ಕಲ್ಲುಗಳನ್ನು ಊರೂರಿಗೆ ಸಾಗಿಸುವುದು ಅವರ ಕೆಲಸ. ವಾಪಸು ಬರುವಾಗ ಏನಾದರೊಂದು ಹೇರಿಕೊಂಡು ಬರುವ ಚಟ ಅವರಿಗೆ. ಒಮ್ಮೆ ಪೇರಲ ಸಸಿ, ಒಮ್ಮೆ ಯಾರೋ ಎಸೆದ ಕಬ್ಬಿಣದ ಮಂಚ. ಈ ಸಲ ಕುದುರೆ. ಗುಹೆ ನೋಡಲು ಬರುವವರ ಮಕ್ಕಳನ್ನು ಕೂರಿಸಿಕೊಂಡು ಕೆರೆಯ ದಂಡೆಯಲ್ಲಿ ಸುತ್ತುತ್ತಿದ್ದ ಹೆಣ್ಣು ಕುದುರೆ ಅದು. ಕಾಲು ಕುಂಟಾದ ಮೇಲೆ ಮಾಲೀಕ ಅದನ್ನು ಬಿಸಿಲಿನಲ್ಲಿ ಕಟ್ಟಿಹಾಕಿ ಮೇವು ನಿಲ್ಲಿಸಿಬಿಟ್ಟಿದ್ದ. ಇವರು ಕೇಳಿದ್ದಕ್ಕೆ, "ಒಯ್ತಿದ್ರ ಒಯ್ರಿ, ಹೆಣಾ ಎಳಿಯೋ ತ್ರಾಸರೆ ತಪ್ಪತೈತಿ" ಅಂದನಂತೆ.

ಲಾರಿಯ ಹಿಂದಿನ ಹಲಗೆ ಇಳಿಸಿದಾಗ ನನಗೆ ಮೊದಲು ಕಂಡದ್ದು ಅದರ ಬೆನ್ನಿನ ಹುಣ್ಣು. ಅಂಗೈಯಷ್ಟು ಅಗಲ, ಅದರ ತುಂಬ ನೊಣ. ಲಗಾಮು ಎಳೆದೆಳೆದು ಬಾಯಿಯ ಎರಡೂ ಕಡೆ ಹರಿದಿತ್ತು. ಇದನ್ನು ಯಾರು ನೋಡಿಕೊಳ್ಳಬೇಕು ಎಂದು ನಾನು ಗಂಡನನ್ನು ಬಯ್ಯುತ್ತಿರುವಾಗಲೇ ಅತ್ತೆ ಮೊಣಕಾಲು ಹಿಡಿದುಕೊಂಡು ಹೊರಗೆ ಬಂದರು. ಕುದುರೆಯ ಪಕ್ಕೆಯ ಮೇಲೆ ಕೈಯಾಡಿಸಿದರು.

"ಎಷ್ಟ ಹಸದೈತೋ ಏನೋ ಕೂಸು" ಅಂದು ಅಳತೊಡಗಿದರು. ಮಾವ ತೀರಿಕೊಂಡ ದಿನವೂ ಹನಿ ಕಣ್ಣೀರು ಹಾಕದ ಹೆಂಗಸು ಅವರು.

ಹಿತ್ತಲಲ್ಲಿ ತಗಡಿನ ನೆರಳು ಮಾಡಿ ಅದನ್ನು ಕಟ್ಟಿದೆವು. ಎರಡು ತಿಂಗಳಲ್ಲಿ ಹುಣ್ಣು ಮಾಯಿತು, ಕುಂಟು ಹೋಯಿತು, ಮೈಯಲ್ಲಿ ಮಾಂಸ ತುಂಬಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅತ್ತೆ ನಿಲ್ಲಿಸಲಿಲ್ಲ. ಬೆಳಿಗ್ಗೆ ನೆನೆಸಿದ ಕಡಲೆ, ಮಧ್ಯಾಹ್ನ ಬೆಲ್ಲ ಸುತ್ತಿದ ಸಜ್ಜೆ ರೊಟ್ಟಿ, ಸಂಜೆ ಶೇಂಗಾ ಹಿಂಡಿ. ನಡುನಡುವೆ ಸೆರಗಿನಿಂದ ಏನೇನೋ ತೆಗೆದು ಕೊಡುತ್ತಿದ್ದರು. ಅವರ ಬೆಳ್ಳಿ ಬಳೆಯ ಸಪ್ಪಳ ಕೇಳಿದರೆ ಸಾಕು, ಕುದುರೆ ಕೂಗುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಅದರ ಬೆನ್ನು ಚಪ್ಪಟೆಯಾಗಿ ನಡುವೆ ಕಾಲುವೆ ಬಿದ್ದಿತ್ತು. ನೆರೆಯವರು ಬಸುರಿ ಐತೇನ್ರಿ ಎಂದು ಕೇಳಿದರೆ ಅತ್ತೆ ಬಾಯಿ ತುಂಬ ನಗುತ್ತಿದ್ದರು.

ಇದನ್ನು ನೋಡುವಾಗ ನನಗೆ ಏನಾಗುತ್ತಿತ್ತು ಎಂಬುದನ್ನು ಹೇಳಲೇಬೇಕು. ನಾನು ಹುನಗುಂದದ ಕಡೆಯ ಹಳ್ಳಿಯವಳು. ಹತ್ತೊಂಬತ್ತು ವರ್ಷದವಳಿದ್ದಾಗ ಈ ಮನೆಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಬಡತನವೇನೂ ಇರಲಿಲ್ಲ. ಆದರೂ ನನಗೆ ಎರಡೇ ರೊಟ್ಟಿ. ಮೂರನೆಯದಕ್ಕೆ ಕೈ ಹೋದರೆ ಅತ್ತೆ ಬುಟ್ಟಿಯ ಮೇಲೆ ಅರಿವೆ ಮುಚ್ಚುತ್ತಿದ್ದರು. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಾಗ ನನ್ನವ್ವ ಡಬ್ಬಿ ತುಂಬ ಅಂಟಿನ ಉಂಡೆ ಕಟ್ಟಿಕೊಟ್ಟಿದ್ದಳು. ಅತ್ತೆ ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ದಿನಕ್ಕೆ ಅರ್ಧ ಉಂಡೆ ಕೈಗಿಟ್ಟು, "ಹೊಟ್ಟಿ ಬರ್ತೈತಿ, ಇಷ್ಟ ಸಾಕು" ಅನ್ನುತ್ತಿದ್ದರು. ಉಳಿದದ್ದಕ್ಕೆ ಬೂಜು ಹಿಡಿಯಿತು. ಆ ಬೂಜು ಹಿಡಿದ ಉಂಡೆಗಳನ್ನು ನನ್ನ ಕೈಯಿಂದಲೇ ತಿಪ್ಪೆಗೆ ಹಾಕಿಸಿದರು. ಕೂಸಿಗೆ ಹಾಲೂಡುವ ನಾನು ಆ ತಿಪ್ಪೆಯ ಮುಂದೆ ನಿಂತು, ಬೂಜು ಕೆರೆದು ಒಂದನ್ನು ತಿಂದೆ.

ಅಂಥ ಕೈ ಈಗ ಕುದುರೆಗೆ ಬೆಲ್ಲ ತಿನ್ನಿಸುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ, ಪಂಚಮಿಯ ಮರುದಿನ, ಕುದುರೆ ಏಳಲಿಲ್ಲ. ಹಬ್ಬದ ಉಂಡೆಗಳನ್ನು ಅತ್ತೆ ಮನಸಾರೆ ತಿನ್ನಿಸಿದ್ದರು. ಎಬ್ಬಿಸಿ ನಿಲ್ಲಿಸಿದರೆ ಮುಂಗಾಲು ಮುಂದಕ್ಕೆ ಚಾಚಿ ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ನಡುಗುತ್ತ ನಿಂತಿತು. ದವಾಖಾನೆಯಿಂದ ಪಶುವೈದ್ಯರು ಬಂದರು. ಗೊರಸು ಮುಟ್ಟಿದರು, ಕೊರಳ ಮೇಲೆ ಗಟ್ಟಿಯಾಗಿ ಉಬ್ಬಿದ್ದನ್ನು ಹಿಡಿದು ಅಲ್ಲಾಡಿಸಿದರು.

"ಇದು ಪೂರಾ ಕೊಬ್ಬು. ಕಾಳು, ಬೆಲ್ಲ ಹೆಚ್ಚಾಗಿ ಗೊರಸಿನ ಒಳಗ ಬಾವು ಬಂದೈತಿ. ಉಗುರು ಕಿತ್ತ ಬೆರಳಿನ ಮ್ಯಾಲ ನಿಂತಂಗ ಆಗೇತಿ ಅದಕ್ಕ. ಬಾದಾಮ್ಯಾಗ ಹಸಿವಿಲೆ ಕೊಲ್ಲಾಕ ಹೊಂಟಿದ್ರು, ನೀವು ತಿನಿಸಿ ಕೊಲ್ಲಾಕತ್ತೀರಿ. ಯಾರು ಹಾಕವ್ರು ಇದಕ್ಕ?"

"ನಮ್ಮ ಅತ್ತೀರಿ" ಎಂದೆ. ಅವರು ಕೇಳಿ ಮುಗಿಸುವ ಮೊದಲೇ ಎಂದೆ.

ವೈದ್ಯರು ಸೂಜಿ ಚುಚ್ಚಿ, ಪುಡಿ ಬರೆದುಕೊಟ್ಟು ನನಗೆ ಎಲ್ಲ ತಿಳಿಸಿದರು. ಕಾಳು, ಹಿಂಡಿ, ಬೆಲ್ಲ, ರೊಟ್ಟಿ, ಹಸಿ ಮೇವು ಬಂದ್. ಒಣ ಹುಲ್ಲನ್ನು ನೀರಿನಲ್ಲಿ ನೆನೆಹಾಕಿ, ಅದರ ಸಿಹಿ ಇಳಿದ ಮೇಲೆ ನೀರು ಚೆಲ್ಲಿ, ತೂಗಿ ಹಾಕಬೇಕು. ಕಾಲಡಿ ದಪ್ಪಗೆ ಮರಳು ಹಾಸಬೇಕು. "ಪೂರಾ ಉಪವಾಸ ಕೆಡವಬ್ಯಾಡ್ರಿ ಅಕ್ಕಾರ, ಅದಕ್ಕೂ ಸಾಯ್ತೈತಿ. ಹೇಳಿದಷ್ಟು ಹಾಕ್ರಿ. ಅದು ಅಳತೈತಿ, ನೀವು ಕರಗಬಾರದು."

ಕರಗುವ ಭಯ ನನಗೆ ಇರಲಿಲ್ಲ.

ಎತ್ತು ಬೆಳೆಗೆ ಬಾಯಿ ಹಾಕದಂತೆ ಕಟ್ಟುವ ಹಗ್ಗದ ಕುಕ್ಕೆಯನ್ನು ಸಣ್ಣದು ಮಾಡಿ ಕುದುರೆಯ ಬಾಯಿಗೆ ಬಿಗಿದೆ. ಬಾಗಲಕೋಟೆಯಿಂದ ಲಾಳ ಕಟ್ಟುವ ಮುದುಕರೊಬ್ಬರನ್ನು ಕರೆಸಿ, ಬೆಳೆದು ಮೇಲಕ್ಕೆ ಬಾಗಿದ ಗೊರಸುಗಳನ್ನು ಕತ್ತರಿಸಿದೆವು. ನಾಲ್ಕು ಜನ ಒತ್ತಿ ಹಿಡಿದಿದ್ದರೂ ಅದು ಒದರಿದ ದನಿ ಓಣಿಯ ತುದಿಯವರೆಗೆ ಕೇಳಿತು. ಆಮೇಲಿನ ದಿನಗಳಲ್ಲಿ ಹಸಿವು ತಾಳದೆ ಅದು ಕಟ್ಟಿಗೆಯ ಗೂಟ ಕಡಿಯಿತು, ಕುಕ್ಕೆ ಬಿಚ್ಚಿದಾಗ ತನ್ನ ಲದ್ದಿಗೇ ಬಾಯಿ ಹಾಕಿತು. ಅತ್ತೆ ಕಿವಿ ಮುಚ್ಚಿಕೊಂಡು ಒಳಗಿನ ಕೋಣೆಯಲ್ಲಿ ಕೂರುತ್ತಿದ್ದರು.

"ಕಟುಕಿ ಅದಿ ನೀ" ಎಂದು ಓಣಿಯ ಹೆಂಗಸರು ಬಾಗಿಲಲ್ಲೇ ನಿಂತು ಅನ್ನುತ್ತಿದ್ದರು. ನಾನು ವೈದ್ಯರ ಚೀಟಿ ತೋರಿಸುತ್ತಿದ್ದೆ.

ತಿಂಗಳಾಗುವಷ್ಟರಲ್ಲಿ ಕುದುರೆ ಮರಳಿನ ಮೇಲೆ ನಾಲ್ಕು ಹೆಜ್ಜೆ ಇಡತೊಡಗಿತು. ಒಂದು ಮಧ್ಯಾಹ್ನ ನೋಡಿದರೆ ಗೊರಸು ಮತ್ತೆ ಬಿಸಿ. ಕುಕ್ಕೆ ಸಡಿಲಾಗಿತ್ತು. ಮರಳಿನಲ್ಲಿ ಗೋಡಂಬಿಯ ಚೂರು. ಅತ್ತೆಯ ಕೋಣೆಗೆ ಹೋಗಿ ದಿಂಬು ಎತ್ತಿದೆ. ಅಮೀನಗಡದ ಕರದಂಟಿನ ಪೊಟ್ಟಣ, ಅರ್ಧ ಖಾಲಿ. ಬಾಯಿ ಕೆಟ್ಟೈತಿ ಎಂದು ಹೇಳಿ ಮಗನಿಂದ ತರಿಸಿಕೊಂಡಿದ್ದರು.

ಪೊಟ್ಟಣ ಹಿಡಿದುಕೊಂಡು, ಅತ್ತೆಯನ್ನು ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಕುದುರೆಗೆ ಕರದಂಟಿನ ವಾಸನೆ ಬಂತು. ಕುಕ್ಕೆಯೊಳಗಿಂದ ಮೂತಿ ಚಾಚಿ ಕೂಗಿತು. ನಾನು ಅಲ್ಲೇ ನಿಂತು, ಇಬ್ಬರ ಮುಂದೆ, ಉಳಿದ ತುಂಡುಗಳನ್ನು ಒಂದೊಂದಾಗಿ ಅಗಿದು ತಿಂದೆ. ಅಂಟು ಹಲ್ಲಿಗೆ ಹಿಡಿಯುತ್ತಿತ್ತು. ಅವಸರ ಮಾಡಲಿಲ್ಲ. ಆಮೇಲೆ ಕೊಕ್ಕೆ ತಕ್ಕಡಿಗೆ ಹುಲ್ಲಿನ ಚೀಲ ಸಿಕ್ಕಿಸಿ ಅತ್ತೆಯ ಮುಖದ ಮುಂದೆ ಹಿಡಿದೆ. ಒಂದು ಹಿಡಿ ಹೆಚ್ಚಿತ್ತು. ತೆಗೆದು ಹೊರಗೆ ಎಸೆದೆ.

"ಹೊಟ್ಟಿ ಬರ್ತೈತಿ. ಇಷ್ಟ ಸಾಕು" ಎಂದೆ.

ಅತ್ತೆ ನನ್ನನ್ನು ನೋಡಿದರು. ಆ ಮಾತು ಯಾರದೆಂದು ಅವರಿಗೆ ಗೊತ್ತಾಯಿತು. ಅವತ್ತು ನನಗೆ ಆದ ಸುಖವನ್ನು ಮುಚ್ಚಿಡಲಾರೆ. ಹಿತ್ತಲ ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕುದುರೆ ಮಾತ್ರ ಸುಧಾರಿಸಿತು. ದೀಪಾವಳಿಯ ಹೊತ್ತಿಗೆ ಬಿತ್ತಿದ ಹೊಲದ ಬದುವಿನ ಮೇಲೆ, ಮೆತ್ತನೆಯ ಮಣ್ಣಿನಲ್ಲಿ, ಹತ್ತು ನಿಮಿಷ ನಡೆಸತೊಡಗಿದೆ. ಹತ್ತು ಇಪ್ಪತ್ತಾಯಿತು. ಆಮೇಲೆ ಕಲ್ಲಿನ ಕ್ವಾರಿಯ ದಾರಿ. ನಿಂತರೆ ಹಗ್ಗದ ತುದಿಯಿಂದ ನೆಲಕ್ಕೆ ಬಡಿದು ಮುಂದೆ ಓಡಿಸುತ್ತಿದ್ದೆ. ಕೊರಳ ಉಬ್ಬು ಇಳಿಯಿತು. ಒತ್ತಿ ನೋಡಿದರೆ ಪಕ್ಕೆಲುಬು ಬೆರಳಿಗೆ ಸಿಗತೊಡಗಿದವು. ಇತ್ತ ಅತ್ತೆ ಊಟ ಕಡಿಮೆ ಮಾಡಿದರು. ಮಗ ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದರು. ತಟ್ಟೆಯಲ್ಲಿ ಅವರು ಬಿಟ್ಟ ರೊಟ್ಟಿಯನ್ನು ನಾನು ಮಾತಿಲ್ಲದೆ ಎತ್ತಿಡುತ್ತಿದ್ದೆ. ಇನ್ನೊಂದು ತುತ್ತು ತಿನ್ನಿ ಎಂದು ಒಮ್ಮೆಯೂ ಅನ್ನಲಿಲ್ಲ.

ಸಂಕ್ರಾಂತಿಗೆ ಮೊದಲು ವೈದ್ಯರು ಬಂದು ನೋಡಿ ಭೇಷ್ ಅಂದರು. ಕುಕ್ಕೆ ತೆಗೆಸಿದರು. "ಇನ್ನ ಹೆದರಿಕಿ ಇಲ್ಲ. ಅಜ್ಜಿಗೆ ಭಾಳ ಜೀವ ಅಲ್ಲೇನ್ರಿ ಇದರ ಮ್ಯಾಲ? ದಿನಾ ಒಂದು ಹಿಡಿ ಹುಲ್ಲು ಅವರ ಕೈಲೆ ಕೊಡಸ್ರಿ, ಇಬ್ಬರಿಗೂ ಚಲೋ" ಎಂದು ಹೇಳಿ ಹೋದರು. ಅತ್ತೆ ಆಗ ಮಲಗಿದ್ದರು. ಎದ್ದ ಮೇಲೆ, "ಡಾಕ್ಟರ್ ಏನಂದ್ರು?" ಎಂದು ಕೇಳಿದರು.

"ಮುಟ್ಟಾಕ ಬಿಡಬ್ಯಾಡ್ರಿ ಅಂದ್ರು."

ಆ ಸುಳ್ಳನ್ನು ತಿಂಗಳಿಗೂ ಹೆಚ್ಚು ಕಾಲ ಉಳಿಸಿಕೊಂಡೆ. ದಿನಾ ಬೆಳಿಗ್ಗೆ ಅತ್ತೆ ಮುಚ್ಚಿದ ಹಿತ್ತಲ ಬಾಗಿಲಿಗೆ ಕಿವಿಯಿಟ್ಟು ಕೂರುತ್ತಿದ್ದರು. ಬಳೆ ಸಪ್ಪಳವಾದರೆ ಕುದುರೆ ಕೂಗುತ್ತದೆ, ನಾನು ಬಯ್ಯುತ್ತೇನೆ ಎಂದು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಿರುತ್ತಿದ್ದರು. ನಾನು ಅವರನ್ನು ದಾಟಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದೆ.

ಮುಂದಿನ ಸಲ ವೈದ್ಯರು ಬಂದಾಗ ಅತ್ತೆ ಪಡಸಾಲೆಯಲ್ಲೇ ಇದ್ದರು. "ಏನ್ರಿ ಅಜ್ಜಿ, ದಿನಾ ಹುಲ್ಲು ಕೊಡ್ತೀರಿಲ್ಲೋ? ಆವಾಗ ಹೇಳಿ ಹೋಗಿದ್ನೆಲ್ಲ" ಎಂದು ನಗುತ್ತ ಕೇಳಿದರು. ನಾನು ಚಹಾದ ಕಪ್ಪು ಬಸಿ ಅವರ ಮುಂದಿಟ್ಟು ಒಳಬಾಗಿಲಿಗೆ ಸರಿದೆ.

"ಹೇಳ್ಯಾಳ್ರಿ ನಮ್ಮ ಸೊಸಿ" ಅಂದರು ಅತ್ತೆ. "ನನಗ ಮೊಣಕಾಲ ಬ್ಯಾನಿ. ಹೋಗಾಕ ಆಗಿಲ್ಲ."

ವೈದ್ಯರು ಚಹಾ ಕುಡಿದು ಹೋದರು. ನಾನು ಬಸಿ ಎತ್ತಿಕೊಂಡು ಅಲ್ಲೇ ನಿಂತೆ. "ಯಾಕ ಹಂಗ ಹೇಳಿದ್ರಿ?"

"ನೀನೂ ನನ್ನ ಸಲುವಾಗಿ ಸುಳ್ಳ ಹೇಳಿರಲಿಲ್ಲೇನು? ನಿಮ್ಮವ್ವ ಬಂದಾಗ ಹೊಟ್ಟಿ ತುಂಬ ಉಣ್ತೇನಿ ಬೇ ಅಂದಿ. ಬಾಗಿಲ ಹಿಂದ ನಿಂತು ಕೇಳಸ್ಕೊಂಡೇನಿ ನಾ."

ನನ್ನವ್ವ ಸತ್ತು ಹನ್ನೆರಡು ವರ್ಷವಾಗಿದೆ. ಆ ಸುಳ್ಳು ಅವಳಿಗೂ ನನಗೂ ಮಾತ್ರ ಗೊತ್ತು ಅಂದುಕೊಂಡಿದ್ದೆ. ಅತ್ತೆ ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. "ಕೀಲಿ ತಗಿ" ಅಂದರು. ತೆಗೆದೆ.

ಕುರ್ಚಿ ಹಾಕಿ ಅವರ ಕೈಗೆ ಒಂದು ಹಿಡಿ ಒದ್ದೆ ಹುಲ್ಲು ಕೊಟ್ಟೆ. ಕುದುರೆ ಬಂದು ತಿಂದಿತು. ಬರಿಗೈ ನೆಕ್ಕಿತು, ಸೆರಗಿನ ಗಂಟಿಗೆ ಮೂತಿ ಇಟ್ಟು ತಡಕಿತು. ಅತ್ತೆ ಎರಡೂ ಕೈಯಿಂದ ಅದರ ಮುಖವನ್ನು ಆಚೆ ದೂಡಿ, "ಆತವಾ, ಹೋಗು" ಅಂದರು.

ಈಗ ಕುದುರೆ ಗಟ್ಟಿಮುಟ್ಟಾಗಿದೆ. ಕ್ವಾರಿಯ ದಾರಿಯಲ್ಲಿ ನನ್ನನ್ನು ಎಳೆದುಕೊಂಡೇ ಹೋಗುತ್ತದೆ. ಅತ್ತೆ ಹೋದರೆ ಮೂತಿ ಚಾಚುತ್ತದೆ. ನಾನು ಹಗ್ಗ ಹಿಡಿದು ಹೋದರೆ ಕಿವಿ ಹಿಂದಕ್ಕೆ ಒತ್ತಿ ಮೂಲೆಗೆ ಸರಿಯುತ್ತದೆ. ಮೊನ್ನೆ ತೋಳಿಗೆ ಕಚ್ಚಿತು. ಹಲ್ಲಿನ ಗುರುತು ನೀಲಿಗಟ್ಟಿದೆ. ಅತ್ತೆ ನನ್ನ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಹಲ್ಲು ಗಟ್ಟಿ ಅದಾವಲ್ಲ" ಅಂದರು.