ಇನ್ನೊಂದು ಕಾಲು ಸುತ್ತು

ನನ್ನಂಥ ಗಿಟಾರ್ ವಾದಕನನ್ನು ಗುರುತಿಸುವುದು ಸುಲಭ: ಅವನ ಕೈಯಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತದೆ. ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಹಿಡಿಕೆಯಿದೆ; ಒತ್ತಿದರೆ ಸ್ವರ ಪಾತಾಳಕ್ಕಿಳಿಯಬೇಕು, ಬಿಟ್ಟರೆ ಹೊರಟ ಜಾಗಕ್ಕೇ ಮರಳಬೇಕು. ಮರಳುವುದಿಲ್ಲ. ಹಾಗಾಗಿ ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಅದನ್ನು ಊಟದ ಮೇಜಿನ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮುಚ್ಚಳ ತೆಗೆದು, ಒಳಗಿನ ಸ್ಪ್ರಿಂಗಿನ ಸ್ಕ್ರೂ ಬಿಗಿಯುತ್ತೇನೆ. ಒಂದು ತಂತಿ ಶ್ರುತಿಗೆ ಬಂದರೆ ಉಳಿದ ಐದು ಮುನಿಸಿಕೊಳ್ಳುತ್ತವೆ. "ಇವತ್ತಾದ್ರೂ ಒಂದು ಹಾಡು ಬಾರಿಸ್ತೀರಾ?" ಎನ್ನುತ್ತಾಳೆ ಹೆಂಡತಿ. "ಇನ್ನೊಂದು ಕಾಲು ಸುತ್ತು ಅಷ್ಟೇ ಕಣೇ" ಎನ್ನುತ್ತೇನೆ. ಕುಣಿಯಲಾರದವಳಿಗೆ ನೆಲ ಡೊಂಕಾದರೆ ನನಗೆ ಸ್ಪ್ರಿಂಗ್ ಡೊಂಕು. ಮೊನ್ನೆ ಹಿಡಿಕೆ ಒತ್ತಿ ಬಿಟ್ಟೆ. ಸ್ವರ ಪಾತಾಳ ಮುಟ್ಟಿ, ಕೂದಲೆಳೆಯಷ್ಟೂ ತಪ್ಪದೆ ಮೇಲೆ ಬಂತು. ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. "ಸರಿಯಾಯ್ತಲ್ಲ, ಬಾರಿಸಿ." ಆರು ತಂತಿಯೂ ಸರಿ, ನನ್ನ ಹತ್ತು ಬೆರಳಿಗೆ ಒಂದು ಹಾಡೂ ಬಾರದು. "ಇಲ್ಲ ಕಣೇ, ಶ್ರುತಿ ಒಂಚೂರು ಕಡಿಮೆ ಇದೆ" ಎಂದು ಗಿಟಾರನ್ನು ಮತ್ತೆ ಬೋರಲು ಹಾಕಿ, ಸರಿಯಿದ್ದ ಸ್ಕ್ರೂವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆಂದು ಹನ್ನೊಂದು ವರ್ಷ ನೋಡಿದವಳಿಗೆ ಗೊತ್ತಿಲ್ಲವೇ? ಆದರೂ ಅವಳು ಎದ್ದು, ನನಗೆ ಸರಿಯಾಗಿ ಕಾಣಲೆಂದು, ಮೇಜಿನ ದೀಪವನ್ನು ಹತ್ತಿರಕ್ಕೆ ಸರಿಸಿದಳು.