ಸ್ವಿಚ್ ಆರಿಸದ ಲಕ್ಷ್ಮೀಪತಿ

ಬಹರೈನಿನ ಗುದೈಬಿಯಾದ ಆ ಹಳೇ ಕಟ್ಟಡದಲ್ಲಿ ಲಕ್ಷ್ಮೀಪತಿಯ ಮನೆ ಯಾವುದೆಂದು ರಸ್ತೆಯಲ್ಲಿ ನಿಂತೇ ಹೇಳಬಹುದು. ಮನೆಯವರೆಲ್ಲ ಹೊರಗೆ ಹೋಗಿದ್ದರೂ ಒಂದು ಕಿಟಕಿಯಲ್ಲಿ ಕಂಪ್ಯೂಟರಿನ ಬೆಳಕು ಇದ್ದೇ ಇರುತ್ತದೆ. ಯಂತ್ರವನ್ನು ಆರಿಸುವುದು ಅವನ ಜಾಯಮಾನದಲ್ಲೇ ಇಲ್ಲ.

“ರೀ, ನಿಮಗಂತೂ ಬಿಡುವಿಲ್ಲ, ಆ ಡಬ್ಬಿಗಾದ್ರೂ ಸ್ವಲ್ಪ ನಿದ್ದೆ ಮಾಡೋಕೆ ಬಿಡಿ,” ಎಂದು ಹೆಂಡತಿ ಚಿತ್ರಾ ಹೇಳಿ ಹೇಳಿ ಸುಸ್ತಾಗಿದ್ದಾಳೆ.

ತಪ್ಪು ಪೂರ್ತಿ ಅವನದಲ್ಲ, ಅರ್ಧ ಅವನ ಕಸುಬಿನದು. ದಾವಣಗೆರೆಯಲ್ಲಿ ಓದಿ ಬಹರೈನಿಗೆ ಬಂದ ಲಕ್ಷ್ಮೀಪತಿ ಇಲ್ಲಿಯೇ ತಲೆ ನರೆಸಿಕೊಂಡಿದ್ದಾನೆ. ಮುಹರ್ರಕ್ ಕಡೆ ಅವನ ಆಫೀಸು. ಹಡಗಿನ ಎಂಜಿನ್ನುಗಳ ಬಿಸಿ ಅಳೆಯುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಾರೆ. ಒಮ್ಮೆ ಹಡಗು ಹತ್ತಿದ ಪೆಟ್ಟಿಗೆ ಮತ್ತೆ ಆರುವ ಮಾತೇ ಇಲ್ಲ. ಅವಕ್ಕೆ ಡ್ರೈವರ್ ಬರೆಯುವುದು ಲಕ್ಷ್ಮೀಪತಿಯ ಕೆಲಸ.

ಕಂಪ್ಯೂಟರಿನ ಒಳಮನೆಯಲ್ಲಿ ಕರ್ನಲ್ ಎಂಬುದೊಂದಿದೆ. ಯಜಮಾನಿಕೆಯೆಲ್ಲ ಅದರದೇ. ಮಡಿಯುಟ್ಟು ಅಡುಗೆಮನೆಯಲ್ಲಿ ಕೂತ ಅಜ್ಜಿಯ ಹಾಗೆ, ಗುರುತಿಲ್ಲದವರನ್ನು ಅದು ಹೊಸ್ತಿಲು ದಾಟಲು ಬಿಡುವುದಿಲ್ಲ. ಹೊಸ ಸಾಧನವೊಂದು ಬಾಗಿಲಿಗೆ ಬಂದರೆ ಅದು ಯಾರ ಪೈಕಿ, ಅದರ ಜೊತೆ ಹೇಗೆ ಮಾತಾಡಬೇಕು ಎಂದು ಅಜ್ಜಿಗೆ ಹೇಳಿಕೊಡುವ ಪುಟ್ಟ ಪ್ರೋಗ್ರಾಮೇ ಡ್ರೈವರ್. ಸಾಧನದ ಗುರುತು ಹತ್ತಿದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡುವಂತೆ ಮಾಡುವುದು ಈ ಕಸುಬಿನವರ ರೂಢಿ. ಉಳಿದವರು ಅಲ್ಲಿ ಗಂಭೀರವಾಗಿ ಏನೋ ಬರೆಯುತ್ತಾರೆ. ಲಕ್ಷ್ಮೀಪತಿ ಇಂಗ್ಲಿಷ್ ಅಕ್ಷರಗಳಲ್ಲಿ “ಬಂದ್ಯಾ” ಎಂದು ಬರೆಯುತ್ತಾನೆ.

ಅವನ ಬರವಣಿಗೆ ಮುಗಿದ ಮೇಲೆ ಉಳಿದ ಚಾಕರಿ ಸಹೋದ್ಯೋಗಿ ನೌಫಲ್‌ನದು. ಆ “ಬಂದ್ಯಾ”ವನ್ನು ಅಳಿಸಿ, ಪೆಟ್ಟಿಗೆ ಚಾಲೂ ಆದಾಗಲೆಲ್ಲ ಡ್ರೈವರ್ ತಾನಾಗಿ ಒಳಗೆ ಸೇರಿಕೊಳ್ಳುವಂತೆ ಕಟ್ಟಿ, ಚೊಕ್ಕ ಮಾಡಿ ಹಡಗಿಗೆ ಕಳಿಸುವವನು ಅವನು. ಹೀಗಾಗಿ ಆ ಭಾಗದ ಗೊಡವೆಗೆ ಲಕ್ಷ್ಮೀಪತಿ ಹೋದವನೇ ಅಲ್ಲ.

ಇಲ್ಲಿ ರಜೆ ಶುಕ್ರವಾರ, ಶನಿವಾರ. ಒಂದು ಗುರುವಾರ ಸಂಜೆ, ವಾರದ ಕೆಲಸ ಮುಗಿಸಿ ಅವನು ಕಾಲು ಚಾಚಿದ್ದನಷ್ಟೇ, ಮೇಲಿನ ಮನೆಯ ಮಾರ್ಸೆಲಿನ್ ಬಂದರು. ಉಡುಪಿ ಹತ್ತಿರದ ಶಿರ್ವದ ಕಡೆಯವರು, ನರ್ಸ್. ಕೈಯಲ್ಲಿ ಇಡ್ಲಿಯಂಥ ಬಿಸಿ ಸಾನ್ನಗಳ ಡಬ್ಬಿ. ಮಾರ್ಸೆಲಿನ್ ಸಾನ್ನ ತಂದರೆಂದರೆ ಹಿಂದೆ ಒಂದು ಕೆಲಸ ಇದೆಯೆಂದೇ ಅರ್ಥ. ಈ ಸಲ ಹಿಂದೆ ಮಗಳು ಕ್ಯಾರೆನ್ ಕೂಡ ಇದ್ದಳು, ಬಗಲಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಅವುಚಿಕೊಂಡು.

“ಒಂದು ಉಪಕಾರ ಆಗ್ಬೇಕಿತ್ತು ಲಕ್ಷ್ಮೀಪತಿಯವರೇ,” ಎಂದು ಮಾರ್ಸೆಲಿನ್ ಶುರು ಮಾಡಿದರು.

“ಮಮ್ಮಿ, ನಾನೇ ಹೇಳ್ತೇನೆ,” ಎಂದು ಕ್ಯಾರೆನ್ ಸೋಫಾದ ಅಂಚನ್ನು ಸವರಿ ಕೂತಳು.

ಕ್ಯಾರೆನ್‌ಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಒಂದು ಟ್ರಾವೆಲ್ ಕಂಪನಿಯಲ್ಲಿ ಫೋನ್ ಮೇಜಿನ ಕೆಲಸ. ಗಿರಾಕಿ ಕಿವಿಯಲ್ಲಿ ಮಾತಾಡುತ್ತಿರುವಾಗ ಪರದೆಯನ್ನು ಓದಿಹೇಳುವ ತಂತ್ರಾಂಶ ಉಪಯೋಗಕ್ಕೆ ಬರುವುದಿಲ್ಲ, ಎರಡು ದನಿ ಒಂದರ ಮೇಲೊಂದು ಬೀಳುತ್ತವೆ. ಅದಕ್ಕೇ ಅವಳು ಬ್ರೈಲ್ ಪಟ್ಟಿ ಇಟ್ಟುಕೊಂಡಿದ್ದಾಳೆ. ಪರದೆಯ ಸಾಲು ಅದರಲ್ಲಿ ಚುಕ್ಕೆಗಳಾಗಿ ಎದ್ದು ನಿಲ್ಲುತ್ತದೆ. ಕಿವಿ ಗಿರಾಕಿಗೆ, ಬೆರಳು ವಿಮಾನದ ವೇಳೆಗೆ.

“ಆಫೀಸಲ್ಲಿ ಕಂಪ್ಯೂಟರ್ ಎಲ್ಲ ಚೇಂಜ್ ಮಾಡಿದ್ರು ಅಂಕಲ್, ಈಗ ವಿಂಡೋಸ್ ಇಲ್ಲ, ಎಲ್ಲ ಲಿನಕ್ಸ್. ನನ್ನ ಹಳೇ ಪಟ್ಟಿ ಹಾಳಾಗಿ, ಹೊಸತು ಅಂತ ಈ ಪೆಟ್ಟಿಗೆ ತರಿಸಿದ್ದೆ. ಇದು ಕನೆಕ್ಟ್ ಆದದ್ದೇ ಕಂಪ್ಯೂಟರಿಗೆ ಕಾಣೋದಿಲ್ಲ. ನನಗಿಂತ ಕುರುಡು ಅದು.”

“ಆಫೀಸಿನವರು ಏನಂತಾರೆ?”

“ಐಟಿಯ ಇಜಾಝ್ ಪಾಪ ಒಳ್ಳೆಯವ. ಕಂಪ್ಯೂಟರ್, ಪಾಸ್‌ವರ್ಡ್ ಎಲ್ಲ ಕೊಟ್ಟು, ಮನೆಗೆ ಒಯ್ದು ಯಾರಿಗಾದ್ರೂ ತೋರಿಸು ಅಂದ. ಭಾನುವಾರ ಬೆಳಿಗ್ಗೆ ನಮ್ಮ ಮ್ಯಾನೇಜರ್ ರಿಫಾನಾ ಮೇಡಂ ಬಂದು ನೋಡ್ತಾರೆ. ಆಗ ಸರಿ ಇಲ್ಲದಿದ್ರೆ ಫೋನಿಗೆ ಬೇರೆಯವರಂತೆ. ನನಗೆ ರಿಸೆಪ್ಷನಲ್ಲಿ ಕೂತು ನಗೋ ಕೆಲಸ.”

“ಮಾಡ್ಲಿಕ್ಕೆ ಸುಲಭ ಅಲ್ವಾ,” ಎಂದರು ಮಾರ್ಸೆಲಿನ್, ಸಮಾಧಾನಕ್ಕೆ.

“ಇಡೀ ದಿನ ನಗ್ಲಿಕ್ಕೆ ನಾನೆಂತ ಟೂತ್‌ಪೇಸ್ಟಿನ ಜಾಹೀರಾತಾ?” ಎಂದಳು ಕ್ಯಾರೆನ್. ಮಾತು ತಮಾಷೆಯದೇ, ಆದರೆ ಬೆರಳುಗಳು ಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಆ ಮೇಜನ್ನು ಅವಳು ಯಾರ ಶಿಫಾರಸೂ ಇಲ್ಲದೆ ಗಳಿಸಿದ್ದಳು. ಅದು ಲಕ್ಷ್ಮೀಪತಿಗೆ ಗೊತ್ತಿತ್ತು.

“ಆಯ್ತು ಕಣಮ್ಮ, ನಾಳೆ ನೋಡೋಣ,” ಎಂದ. ಅವನು ನಾಳೆ ಎಂದರೆ ನಾಳೆಯೇ.

ಶುಕ್ರವಾರ ಮಾರ್ಸೆಲಿನ್ ಮನೆಯವರು ಪೂಜೆ ಮುಗಿಸಿ ಚರ್ಚಿನಿಂದ ಬರುವ ಹೊತ್ತಿಗೆ ಲಕ್ಷ್ಮೀಪತಿ ಮೇಲಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಪಟ್ಟಿಯನ್ನು ಜೋಡಿಸಿ ನೋಡಿದರೆ ರೋಗ ಅರ್ಧ ಗೊತ್ತಾಯಿತು. ಒಳಗಿನ ಚಿಪ್ ಹಳೆಯದೇ, ಆದರೆ ಕಂಪನಿಯವರು ಅದಕ್ಕೆ ಹೊಸ ನಂಬರು ಕೊಟ್ಟಿದ್ದರು. ಡ್ರೈವರಿನ ಬಳಿ ಇದ್ದ ಪರಿಚಯದವರ ಸಾಲಿನಲ್ಲಿ ಆ ನಂಬರು ಇರಲಿಲ್ಲ. ಸೇರಿಸಿದ. ಹೊಸದಾಗಿ ಕಟ್ಟಿ ಒಳಗೆ ಬಿಟ್ಟ. ಕರ್ನಲ್ ಅಜ್ಜಿ ಕೂಡಲೇ ಹೊರಗೆ ದಬ್ಬಿದಳು. ನೋಡಿದರೆ ಇವನು ಬೇರೊಂದು ಆವೃತ್ತಿಯ ಕರ್ನಲ್ಲಿಗೆ ಕಟ್ಟಿಬಿಟ್ಟಿದ್ದ, ಹೋದ ವರ್ಷದ ಪಂಚಾಂಗ ಹಿಡಿದು ಮುಹೂರ್ತ ಕೇಳಿದ ಹಾಗೆ.

“ನಿನ್ನ ಮನೆ ಹಾಳಾಗ,” ಎಂದು ಕಂಪ್ಯೂಟರಿಗೆ ಬೈದು ಮತ್ತೆ ಕಟ್ಟಿದ. ಈ ಬಾರಿ ಒಳಗೆ ಸೇರಿತು, ಆದರೆ ಚುಕ್ಕೆ ಏಳಲಿಲ್ಲ. ಪಟ್ಟಿ ಮಲಗಿತ್ತು. ಅದರ ಕೈಪಿಡಿಯನ್ನು ಹುಡುಕಿ, ಒಂದೊಂದೇ ಪುಟ ಜಾಲಾಡಿದ ಮೇಲೆ ತಿಳಿಯಿತು. ಮಾತಿಗೆ ಮೊದಲು ಅದಕ್ಕೊಂದು ಸಂದೇಶ ಕಳಿಸಿ ಎಬ್ಬಿಸಬೇಕು. ಎಬ್ಬಿಸುವ ನಾಲ್ಕು ಸಾಲು ಬರೆದು, ಕೈಯಾರೆ ಆಜ್ಞೆ ಕೊಟ್ಟು ಡ್ರೈವರನ್ನು ಒಳಗೆ ಕಳಿಸಿದ.

ಕ್ಯಾರೆನ್‌ಳ ಬೆರಳ ಕೆಳಗೆ ಏನೋ ಚಿಟಪಟ ಎಂದಿತು. ಅವಳು ಒಮ್ಮೆ ಸವರಿದಳು, ಮತ್ತೊಮ್ಮೆ ಸವರಿದಳು.

“ಬಂದ್ಯಾ? ಅಂಕಲ್, ಇದೆಂತ, ನನ್ನನ್ನು ಬಂದ್ಯಾ ಅಂತ ಕೇಳ್ತಾ ಉಂಟು.”

“ಅದು ನನ್ನ ಸಾಲು ಕಣಮ್ಮ,” ಎಂದ ಲಕ್ಷ್ಮೀಪತಿ, ಕಿವಿ ಕೆಂಪಾಗಿಸಿಕೊಂಡು. “ತೆಗೆದುಬಿಡ್ತೀನಿ ತಡಿ.”

“ತೆಗೀಬೇಡಿ. ಇಷ್ಟು ವರ್ಷದಲ್ಲಿ ಒಂದು ಕಂಪ್ಯೂಟರ್ ನನ್ನನ್ನು ಮಾತಾಡಿಸಿದ್ದು ಇದೇ ಫಸ್ಟು.”

ಅವನಿಗೆ ಎಷ್ಟು ಖುಷಿಯಾಯಿತೆಂದರೆ ಕೆಳಗೆ ಬಂದು ಚಿತ್ರಾಳಿಗೆ ಇಡೀ ಕಥೆಯನ್ನು ಎರಡು ಸಲ ಹೇಳಿದ. ಶನಿವಾರ ಪೂರ್ತಿ ಮೇಲಿನ ಮನೆಯಲ್ಲಿ ಪಟ್ಟಿ ಚಿಟಪಟ ಎನ್ನುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಲಕ್ಷ್ಮೀಪತಿ ಮುಹರ್ರಕ್ ಸೇತುವೆಯ ಮೇಲೆ ಕಾರು ಓಡಿಸುತ್ತಿದ್ದಾಗ ಫೋನ್ ಬಂತು.

“ಅಂಕಲ್, ಚುಕ್ಕೆ ಏಳ್ತಾ ಇಲ್ಲ. ಮೇಡಂ ಇಲ್ಲೇ ಇದ್ದಾರೆ.”

“ಯಾಕೆ? ಆಫ್ ಏನಾದ್ರೂ ಮಾಡಿದ್ರಾ?”

“ಆಫ್ ಮಾಡದೆ ಹೇಗೆ ತರೋದು? ಗುದೈಬಿಯಾದಿಂದ ಇಲ್ಲಿ ತನಕ ವಯರ್ ಎಳ್ಕೊಂಡು ಬರ್ಲಾ?”

ಒಯ್ಯಬೇಕಾದ ಯಂತ್ರದ ತಂತಿಯನ್ನು ಕೀಳಲೇಬೇಕು. ಇಷ್ಟು ಸಣ್ಣ ಸಂಗತಿ ಅವನ ಇಷ್ಟು ದೊಡ್ಡ ತಲೆಗೆ ಹೊಳೆದಿರಲಿಲ್ಲ. ಕೈಯಾರೆ ಸೇರಿಸಿದ ಡ್ರೈವರ್, ಯಂತ್ರ ಆರಿದೊಡನೆ ಮಂಗಮಾಯ. ತಾನಾಗಿ ಸೇರುವಂತೆ ಕಟ್ಟುವುದು ನೌಫಲ್‌ನ ಕೆಲಸ, ಮತ್ತು ಶುಕ್ರವಾರ ಆ ಮನೆಯಲ್ಲಿ ನೌಫಲ್ ಇರಲಿಲ್ಲ. ತನ್ನ ಮರೆವಿಗೆ ಆ ಹುಡುಗಿಯ ಮೇಜು ಹೋಗುತ್ತದಲ್ಲ ಎಂದು ಲಕ್ಷ್ಮೀಪತಿಗೆ ಅಳುವೇ ಬಂದಂತಾಯಿತು. ಸೇತುವೆ ದಾಟಿ ಸಿಕ್ಕಿದ ಮೊದಲ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ.

“ತಪ್ಪು ನಂದೇ ಕಣಮ್ಮ. ಅದನ್ನ ಮತ್ತೆ ಒಳಗೆ ಸೇರಿಸಬೇಕು. ಇಜಾಝ್‌ನ ಕರಿ, ನಾನು ಹೇಳ್ತೀನಿ, ಅವನು ಟೈಪ್ ಮಾಡ್ಲಿ.”

“ಬೇಡ. ಇಜಾಝ್ ಮಾಡಿದ್ರೆ, ಪ್ರತಿ ಸಲ ಇವಳಿಗೊಬ್ಬ ಇಜಾಝ್ ಬೇಕು ಅಂತ ಆಗ್ತದೆ. ನೀವು ಹೇಳಿ, ನಾನು ಹೊಡೀತೇನೆ.”

ಅವನು ಹೇಳುತ್ತ ಹೋದ, ಅವಳು ಹೊಡೆಯುತ್ತ ಹೋದಳು. ಬೆರಳಿಗೆ ಚುಕ್ಕೆಯಿಲ್ಲ, ಕಿವಿಯಲ್ಲಿ ಇವನ ದನಿ ಬಿಟ್ಟರೆ ಏನಿಲ್ಲ. ಪಾಸ್‌ವರ್ಡ್ ಹಾಕುವಾಗ ಮಾತ್ರ, “ಇದು ಪರದೆಯಲ್ಲಿ ಯಾರಿಗೂ ಕಾಣೋದಿಲ್ಲ ಅಲ್ವಾ ಅಂಕಲ್? ಇದರಲ್ಲಿ ನಾವೆಲ್ಲ ಒಂದೇ,” ಎಂದಳು. ಕೀಲಿಗಳ ಟಕಟಕ ಕೇಳಿಸಿತು, ನಿಂತಿತು.

“ಏನಾದ್ರೂ ಆಯ್ತಾ?”

“ಇಲ್ಲ.”

ಲಕ್ಷ್ಮೀಪತಿ ಹಣೆ ಚಚ್ಚಿಕೊಂಡ. ಡ್ರೈವರನ್ನು ಇಟ್ಟ ಫೋಲ್ಡರನ್ನೇ ಹೇಳಿರಲಿಲ್ಲ. ಅವನ ಫೋಲ್ಡರುಗಳಿಗೆಲ್ಲ ದಾವಣಗೆರೆಯ ತಿಂಡಿಗಳ ಹೆಸರು. ಶುಕ್ರವಾರ ಇಟ್ಟದ್ದು ಯಾವುದು? ಮಾರ್ಸೆಲಿನ್ ಕೊಟ್ಟ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದ ಗಳಿಗೆಯಲ್ಲೇ ಅದಕ್ಕೆ ಹೆಸರಿಟ್ಟದ್ದು ನೆನಪಾಯಿತು.

“ಮಿರ್ಚಿ. ಮೊದಲು ಮಿರ್ಚಿ ಫೋಲ್ಡರಿಗೆ ಹೋಗು. ಆಮೇಲೆ ಅದೇ ಸಾಲು ಇನ್ನೊಂದ್ಸಲ ಹೊಡಿ.”

ಮತ್ತೆ ಟಕಟಕ. ಕೊನೆಯ ಕೀಲಿಯ ಸದ್ದು. ಬಳಿಕ ಏನೂ ಇಲ್ಲ. ಆಚೆ ಯಾರೋ, ರಿಫಾನಾ ಮೇಡಮ್ಮೇ ಇರಬೇಕು, “ಸಾಕು ಕ್ಯಾರೆನ್, ಲೈನ್ ಓಪನ್ ಆಗುವ ಟೈಮ್ ಆಯ್ತು,” ಎಂದರು. ಲಕ್ಷ್ಮೀಪತಿ ಸ್ಟೀರಿಂಗನ್ನು ಹಿಡಿದುಕೊಂಡು ಕೂತ.

ಆಗ ಕ್ಯಾರೆನ್ ಮೆತ್ತಗೆ ನಕ್ಕಳು.

“ಬಂದೆ,” ಎಂದಳು.

“ಯಾರಿಗೆ ಹೇಳಿದ್ದು ಅದು?” ಎಂದಿತು ರಿಫಾನಾ ಮೇಡಂ ದನಿ.

“ಒಳಗಿಂದ ಒಬ್ರು ಕೇಳಿದ್ರು ಮೇಡಂ. ಮತ್ತೆ, ಇವತ್ತು ಈ ಕಂಪ್ಯೂಟರನ್ನು ಯಾರೂ ಆಫ್ ಮಾಡ್ಬಾರದು, ಹೇಳಿಬಿಡಿ ಎಲ್ರಿಗೂ.”

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಕ್ಯಾರೆನ್ ಇವನ ಕರೆಯನ್ನು ಕತ್ತರಿಸುವುದನ್ನು ಮರೆತು ಅದನ್ನೆತ್ತಿದಳು. ಮಂಗಳೂರಿಗೆ ಹೊರಟ ಯಾರಿಗೋ ಅವಳು ಎಲ್ಲೂ ತಡವರಿಸದೆ ವಿಮಾನದ ವೇಳೆಗಳನ್ನು ಹೇಳುತ್ತಿದ್ದಳು. ಬಂಕಿನವನು ಬಂದು ಗಾಜು ತಟ್ಟಿದ. ಲಕ್ಷ್ಮೀಪತಿ ಒಂದು ನಿಮಿಷ ಎಂದು ಕೈಸನ್ನೆ ಮಾಡಿ, ಫೋನನ್ನು ಆರಿಸದೆ ಕೇಳುತ್ತ ಕೂತ.